ತಡಿಕೆ ಬಾಗಿಲ ಬೀಗ

ಪಂಚಾಕ್ಷರಯ್ಯನವರ ಹೊಲದ ಗುಡಿಸಲು,
ಹೊಳೆನರಸೀಪುರ
27 ನವೆಂಬರ್ 1938, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಶಾಂತಕುಮಾರಿಗೆ ಅವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದು ಶುರುಮಾಡುವುದು ರೂಢಿ. ಈ ಸಲ ಅಷ್ಟು ಧಾರಾಳವಾಗಿ ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಸಾಯಂಕಾಲದವರೆಗೂ ಕ್ಷೇಮವಾಗಿದ್ದೆವು ಎಂದು ತಿಳಿದುಕೋ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. ಎಂಟು ತಿಂಗಳ ಬಸುರಿ ಮುನಿಸಿಕೊಂಡರೆ ಹುಟ್ಟುವ ಕೂಸು ನನ್ನ ಹಾಗೆ ಸಿಡುಕಿನದಾಗುತ್ತದೆ, ನೋಡಿಕೋ. ಕಾಗದ ಬರೆಯಲು ಪುರಸೊತ್ತಿರಲಿಲ್ಲ, ಅಷ್ಟೇ. ಹದಿನಾಲ್ಕು ಜನ ಮುದುಕ ಮುದುಕಿಯರನ್ನು ಎರಡು ಗಾಡಿಯಲ್ಲಿ ತುಂಬಿಸಿ ಊರಾಚೆಗೆ ಸಾಗಿಸಿ ನೋಡಿದರೆ ನಿನಗೂ ಗೊತ್ತಾಗುತ್ತದೆ.

ಊರಲ್ಲಿ ಪ್ಲೇಗಿನ ಇಲಿ ಬಿದ್ದು ಇಪ್ಪತ್ತು ದಿನವಾಯಿತು. ಪೇಟೆ ಬೀದಿಯಲ್ಲಿ ಒಂದು ಅಂಗಡಿಯೂ ತೆರೆದಿಲ್ಲ, ಜನರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ನಮ್ಮ ಶರಣಾಶ್ರಯದ ಅಟ್ಟದಿಂದಲೂ ಎರಡು ಇಲಿ ಬಿದ್ದವು. ಒಂದು ನೇರವಾಗಿ ಚಂದ್ರಶೇಖರಯ್ಯನ ಹಾಸಿಗೆಗೇ ಬಿತ್ತು. ಮಂಡಿಯಲ್ಲಿ ನಲವತ್ತು ವರ್ಷ ಗುಮಾಸ್ತೆ ಮಾಡಿ ಈಗ ನಮ್ಮಲ್ಲಿರುವ ಆ ಮುದುಕ ಅದನ್ನು ಬಾಲ ಹಿಡಿದು ಎತ್ತಿಕೊಂಡು ನನಗೆ ತೋರಿಸಲು ಬಂದಿದ್ದ! ಬೈದ ಬೈಗುಳಕ್ಕೆ ಕಿವಿ ಮಂದವಾದ ಅವನಿಗೂ ಕೇಳಿಸಿರಬೇಕು. ಆಶ್ರಯ ಕಟ್ಟಿಸಿ ನನ್ನ ಕೈಗೆ ಒಪ್ಪಿಸಿದ ಪಂಚಾಕ್ಷರಯ್ಯನವರು ಮಾರನೆಯ ದಿನವೇ ತಮ್ಮ ಹೊಲದಲ್ಲಿ ನಾಲ್ಕು ಗುಡಿಸಲು ಹಾಕಿಸಿ ನಮ್ಮನ್ನೆಲ್ಲ ಇಲ್ಲಿಗೆ ಕಳಿಸಿದರು. ಸುತ್ತ ಮುಳ್ಳುಬೇಲಿ, ರಸ್ತೆ ಕಡೆಗೆ ಬಿದಿರ ತಡಿಕೆಯ ಬಾಗಿಲು. ಆ ತಡಿಕೆಗೆ ಸರಪಳಿ ಸುತ್ತಿ ಬೀಗ ಹಾಕಿಸಿದ್ದೇನೆ. ಮೇಕೆ ತಿವಿದರೆ ಬೀಳುವ ಬಾಗಿಲಿಗೆ ಬೀಗ ಯಾಕೆಂದು ಕಾವಲಿನ ಕೆಂಪಣ್ಣ ಆಚೆ ಕೂತು ನಗುತ್ತಾನೆ. ಬೀಗದ ಕೈ ನನ್ನ ಸೊಂಟದಲ್ಲಿದೆ. ಇದುವರೆಗೂ ಯಾರೂ ತಡಿಕೆಯನ್ನು ತಳ್ಳಿ ನೋಡಿಲ್ಲ.

ಈಗ ನಿನ್ನ ಅಜ್ಜಿಯ ಸುದ್ದಿ. ಪ್ರತಿ ಕಾಗದದಲ್ಲೂ ನನ್ನನ್ನು ಒಂದು ಸಾಲು, ಅವಳನ್ನು ನಾಲ್ಕು ಸಾಲು ವಿಚಾರಿಸುತ್ತೀಯಲ್ಲ, ಅದಕ್ಕೆ ಮೊದಲೇ ಬರೆದುಬಿಡುತ್ತೇನೆ. ಈ ಪ್ರಾಯದಲ್ಲೂ ನನ್ನ ಅತ್ತೆಯ ನಾಲಗೆಗೆ ಏನೂ ಮುಪ್ಪು ಬಂದಿಲ್ಲ.

ಗುರುವಾರ ಡಾಕ್ಟರು ಬಂದು ಎಲ್ಲರಿಗೂ ಸೂಜಿ ಹಾಕಿದರು. ಇಲಿಯ ಮೈಮೇಲಿನ ಚಿಗಟ ಬಟ್ಟೆಬರೆಯಲ್ಲಿ ಸೇರಿಕೊಂಡು ಕಚ್ಚುವುದರಿಂದಲೇ ಕಾಯಿಲೆ ಹರಡುವುದು, ಉಟ್ಟದ್ದು ತೊಟ್ಟದ್ದೆಲ್ಲ ಕುದಿಸಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಎಂದು ಹೇಳಿ ಹೋದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದು ನನ್ನ ತಲೆಯದು. ಹಂಡೆಯಲ್ಲಿ ಸೀರೆ ಪಂಚೆ ಕುದಿಯುತ್ತಿರುವಾಗ ಇವರ ಕೊರಳುಗಳನ್ನು ನೋಡಿದೆ. ಲಿಂಗಕ್ಕೆ ಬೆಳ್ಳಿಯ ಕರಡಿಗೆ ಮಾಡಿಸಿಕೊಳ್ಳುವ ಶಕ್ತಿಯಿದ್ದವರು ನಮ್ಮಲ್ಲಿಗೆ ಯಾಕೆ ಬರುತ್ತಾರೆ? ಎಲ್ಲರೂ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡವರೇ. ಆ ಲಿಂಗವಸ್ತ್ರಗಳು ಬೆವರು, ಎಣ್ಣೆ, ವಿಭೂತಿ ಹಿಡಿದು ಚರ್ಮದಂತಾಗಿವೆ. ಅವನ್ನೂ ಬಿಚ್ಚಿ ಕೊಡಿ, ಕುದಿಸಬೇಕು ಎಂದೆ.

ಗದ್ದಲ ಎದ್ದಿತು. ಲಿಂಗ ಮೈಮೇಲಿಂದ ಇಳಿದರೆ ಪ್ರಾಣ ಇಳಿದಂತೆ ಎಂದು ನಂಬಿದ ಜೀವಗಳು, ಅದು ನನಗೂ ಗೊತ್ತಿಲ್ಲದ್ದಲ್ಲ. ನಿನ್ನ ಅಜ್ಜಿ ಎಲ್ಲರ ಪರವಾಗಿ ಮುಂದೆ ಬಂದಳು. "ಬಟ್ಟೆ ತಕಂಡೋಗು, ಬ್ಯಾಡ ಅನ್ನಾಕಿಲ್ಲ. ಲಿಂಗ ಅಂಗೈನಾಗೆ ಇಟ್ಕಂಡು ಬಟ್ಟೆ ಒಣಗೋಗಂಟ ಇಂಗೇ ಕುಂತಿರ್ತೀವಿ" ಎಂದಳು. ಯೋಚಿಸಿದರೆ ಸರಿಯಾದ ಮಾತೇ. ಅದನ್ನು ಬೇರೆ ಯಾರಾದರೂ ಹೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ. "ಕೈಗಳನ್ನೂ ಫಿನಾಯಿಲಿನಲ್ಲಿ ತೊಳೀಬೇಕು, ಲಿಂಗಾನೂ ತೊಳೀಬೇಕು, ಎಲ್ಲಾ ಇಲ್ಲಿ ಹಲಗೆ ಮೇಲೆ ಇಡಿ" ಎಂದೆ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಹೆಸರು ಬರೆದೆ. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಹೆಸರಿನ ಮೇಲೆ ಇಟ್ಟು, ಎದುರಿಗೇ ನೆಲದಲ್ಲಿ ಕೂತು ಕಣ್ಣು ಕೀಳದೆ ನೋಡುತ್ತಿದ್ದರು.

ವಾಪಸು ಕೊಡುವಾಗ ಕೊನೆಯ ಎರಡು ಹೆಸರು ಅಳಿಸಿಹೋಗಿದ್ದವು. ಫಿನಾಯಿಲ್ ನೀರು ಆ ಮೂಲೆಗೆ ಹರಿದು, ಲಿಂಗಗಳೂ ಒಂದರ ಪಕ್ಕಕ್ಕೆ ಒಂದು ಜರುಗಿದ್ದವು. ಒಂದು ನಿನ್ನ ಅಜ್ಜಿಯದು, ಇನ್ನೊಂದು ಗಂಗಾಂಬಿಕೆಯದು. ಎರಡೂ ಕಪ್ಪಗೆ, ಒಂದೇ ಗಾತ್ರ. ಇದು ಇವಳದ್ದು, ಅದು ಅವಳದ್ದು ಎಂದು ಅಂದಾಜಿಗೆ ಕೊಟ್ಟುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಪೂಜೆಗೆ ಕೂತ ನಿನ್ನ ಅಜ್ಜಿ ಹಾಗೇ ಎದ್ದು ಬಂದಳು. "ಇದು ನಂದಲ್ಲ" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಎಪ್ಪತ್ತು ವರ್ಸದಿಂದ ಕೈನಾಗೆ ಇಡಕಂಡಿವ್ನಿ. ಕತ್ತಲಾಗೆ ನಿನ್ ಗಂಡನ ಗುರ್ತು ನಿಂಗೆ ಸಿಕ್ತಿರ್ಲಿಲ್ವಾ?" ಎಂದಳು! ಸುತ್ತ ಕೂತ ಮುದುಕಿಯರು ನಕ್ಕರು. ನನಗೆ ಮೈ ಉರಿದುಹೋಯಿತು. ಎಲ್ಲ ಲಿಂಗದಲ್ಲೂ ಇರುವವನು ಒಬ್ಬನೇ ಶಿವ, ಅದನ್ನೇ ಪೂಜೆ ಮಾಡಿ ಎಂದು ಹೇಳಿ ಒಳಗೆ ಹೋದೆ. ಅಂದಿನಿಂದ ಅವಳು ಊಟ ಬಿಟ್ಟು, ಒಪ್ಪತ್ತು ಒಂದು ಲೋಟ ಹಾಲು ಕುಡಿಯುತ್ತಾಳೆ. ತನ್ನ ಲಿಂಗ ಕೈಗೆ ಬಂದ ಮೇಲೆ ಊಟವಂತೆ.

ಬದಲಾಯಿಸಿಕೊಟ್ಟಿದ್ದರೆ ಮುಗಿಯುತ್ತಿತ್ತು, ಒಪ್ಪುತ್ತೇನೆ. ಶನಿವಾರ ಬದಲಾಯಿಸೋಣ ಎಂದುಕೊಂಡಿದ್ದೆ ಕೂಡ. ಅಷ್ಟರಲ್ಲಿ ನಿನ್ನೆ ಸಾಯಂಕಾಲ ಗಂಗಾಂಬಿಕೆಗೆ ಚಳಿಜ್ವರ ಬಂತು. ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿದೆ. ಅವಳನ್ನು ಕೊನೆಯ ಗುಡಿಸಲಿಗೆ ಹಾಕಿಸಿದೆ. ಅರೆಗುರುಡಿ ಪಾಪ, ಅವಳಿಗೆ ಲಿಂಗ ಬದಲಾದದ್ದೇ ತಿಳಿದಿರಲಿಲ್ಲ. ನಿನ್ನ ಅಜ್ಜಿ ದೂರದಿಂದ ಕೂಗಿ ಹೇಳಿದ್ದಕ್ಕೆ ಅವಳು ಗುಡಿಸಲ ಬಾಗಿಲಿಗೆ ತೆವಳಿಕೊಂಡು ಬಂದು, ಕೊರಳಿನಿಂದ ಬಿಚ್ಚಿ, "ತಕ ನೀಲವ್ವ, ನಿಂದು ನೀನೇ ಮಡೀಕ" ಎಂದು ಕೈಚಾಚಿದಳು. ನಾನು ಮಧ್ಯೆ ನಿಂತೆ. ಪ್ಲೇಗು ಬಂದವಳ ಕೊರಳಲ್ಲಿದ್ದದ್ದು ಇನ್ನೊಬ್ಬಳ ಕೊರಳಿಗೆ ಬರಕೂಡದು. ನೀನೇ ಹೇಳು, ಯಾವ ಡಾಕ್ಟರು ಇದನ್ನು ತಪ್ಪು ಎನ್ನುತ್ತಿದ್ದರು? ನಿನ್ನ ಅಜ್ಜಿ ಮಾತ್ರ ನನ್ನನ್ನು ದಾಟಿ ಆ ಕೈಯನ್ನೇ ನೋಡುತ್ತ ನಿಂತಿದ್ದಳು.

ಈ ಸ್ಥಿತಿಯಲ್ಲಿ ಹೆರಿಗೆಗೆ ನಾನು ಅರಕಲಗೂಡಿಗೆ ಬರುವುದು ಅನುಮಾನ. ನಿಮ್ಮ ಅತ್ತೆ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನೀನು ಈ ಕಡೆ ಬರುವ ಯೋಚನೆಯನ್ನೂ ಮಾಡಬೇಡ. ಈ ಕಾಗದವನ್ನು ಒಂದು ಹಗಲು ಬಿಸಿಲಲ್ಲಿಟ್ಟು ಕಳಿಸುತ್ತಿದ್ದೇನೆ, ಹೆದರದೆ ಓದು.

ನಿನ್ನ ಅವ್ವ,
ರೇವಮ್ಮ

ಹೊಳೆನರಸೀಪುರ
1 ಡಿಸೆಂಬರ್ 1938, ಗುರುವಾರ

ಶಾಂತಾ,

ನಿನ್ನ ಗಂಡ ಈಗ ತಾನೇ ತಡಿಕೆಯಾಚೆಯಿಂದ ಹೊರಟುಹೋದ. ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹೋಗಿ ಡಾಕ್ಟರನ್ನು ಕಾಣುತ್ತಾನಂತೆ. ಅವನು ನಿನಗೆ ಹೇಳುವ ಮೊದಲೇ ನನ್ನ ಮಾತು ನಿನಗೆ ತಲುಪಲಿ ಎಂದು ಬರೆಯುತ್ತಿದ್ದೇನೆ. ಮೇಷ್ಟರಾದ್ದರಿಂದ ಅವನು ಎಲ್ಲವನ್ನೂ ಚೆನ್ನಾಗಿ ಹೇಳುತ್ತಾನೆ. ನನ್ನ ಕಡೆಯದ್ದನ್ನು ಮಾತ್ರ ಹೇಳುವುದಿಲ್ಲ.

ಗಂಗಾಂಬಿಕೆ ಮಂಗಳವಾರ ಹೋದಳು. ಪ್ಲೇಗಿನ ಹೆಣವನ್ನು ಇಟ್ಟುಕೊಳ್ಳುವಂತಿಲ್ಲ, ಎರಡು ಗಂಟೆಯೊಳಗೆ ಬದುವಿನಾಚೆ ಗುಣಿ ತೆಗೆಸಿದೆ. ನಮ್ಮ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಅದು ನಿನ್ನ ಅಜ್ಜಿಯ ಲಿಂಗ. ಸುಣ್ಣ ಸುರಿಯುವ ಹೊತ್ತಿಗೆ ಅವಳು ಬೇಲಿಯವರೆಗೆ ಓಡಿಬಂದು, ಓಡುವ ಕಾಲೇ ಅವು, "ನನ್ ಲಿಂಗ ಕಣ್ರೋ ಅದು! ತಗೀರೋ, ಅವಳ್ದು ಇಲ್ಲೇ ಅದೆ, ಬದಲಾಯ್ಸಿ ಇಡ್ರೋ!" ಎಂದು ಕೂಗಿದಳು. ಮೂಗಿಗೆ ಬಟ್ಟೆ ಕಟ್ಟಿದ್ದ ಆಳುಗಳು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಮಣ್ಣು ಎಳೆಯಿರಿ ಎಂದು ಕೈಸನ್ನೆ ಮಾಡಿದೆ.

ಇದರಲ್ಲಿ ನನ್ನ ತಪ್ಪೇನು? ಸತ್ತವಳ ಕೈಯಿಂದ ಕಿತ್ತು ತಂದು ಇವಳ ಕೊರಳಿಗೆ ಕಟ್ಟಬೇಕಿತ್ತೇ? ಉಳಿದ ಹನ್ನೆರಡು ಜನಕ್ಕೆ ಹರಡಿದ್ದರೆ ಯಾರು ಉತ್ತರ ಹೇಳುತ್ತಿದ್ದರು, ನಿನ್ನ ಗಂಡನೇ?

ಬುಧವಾರ ಬೆಳಿಗ್ಗೆಯಿಂದ ಅವಳು ಹಾಲನ್ನೂ ಬಿಟ್ಟಿದ್ದಾಳೆ. ನೀರು ಕೂಡ ಮುಟ್ಟುವುದಿಲ್ಲ. ಲಿಂಗವಿಲ್ಲದ ಮೈಗೆ ನೀರು ಯಾಕೆ ಎನ್ನುತ್ತಾಳೆ. ಗಂಗಾಂಬಿಕೆಯದನ್ನು ಒಂದು ಎಲೆಯ ಮೇಲಿಟ್ಟು ದಿನಾ ಹೂವು ಹಾಕುತ್ತಾಳೆ, ಕೊರಳಿಗೆ ಮಾತ್ರ ಕಟ್ಟಿಕೊಳ್ಳಳು. ಹೊಳೆಯಾಚೆಯ ಮಠದ ಅಯ್ನೋರು ಚನ್ನಬಸವಯ್ಯನವರಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಅವರು ಬಂದು ತಡಿಕೆಯಾಚೆ ನಿಂತರು. "ಲಿಂಗ ಕಳ್ಕಂಡೋರಿಗೆ ಗುರು ಇನ್ನೊಂದು ಕೊಡಬೋದು ಕಣಮ್ಮ. ಆದ್ರೆ ಕೊಡೋನು ಎದುರ್ಗೆ ಕುಂತು ಕೈಯಾರೆ ಕೊಡ್ಬೇಕು. ನಾನು ಸೂಜಿ ಆಕುಸ್ಕಂಡಿದೀನಿ. ಒಂದು ಗಳಿಗೆ ಒಳೀಕೆ ಬುಡಿ, ಇಲ್ಲಾಂದ್ರೆ ಆ ತಾಯೀನ ಆಚ್ಗೆ ಕಳ್ಸಿ" ಎಂದರು. ಸರ್ಕಾರದ ಕಟ್ಟಳೆಯಂತೆ ಕಾಯಿಲೆ ಕಂಡ ಗುಡಿಸಲಿಗೆ ಹತ್ತು ದಿನ ಯಾರೂ ಬರುವಂತಿಲ್ಲ, ಇಲ್ಲಿಂದ ಯಾರೂ ಹೋಗುವಂತಿಲ್ಲ, ಬರಲೇಬೇಕಾದರೂ ಹೋಗಲೇಬೇಕಾದರೂ ಡಾಕ್ಟರ ಲಿಖಿತ ಅಪ್ಪಣೆ ಬೇಕು. ಹಾಗೆಂದು ಹೇಳಿ ಕಳಿಸಿದೆ. ಅವರು ಹೋಗಲಿಲ್ಲ. ರಸ್ತೆಯಾಚೆ ಹುಣಸೆಮರದ ಕೆಳಗೆ ಕೂತಿದ್ದಾರೆ.

ಚಂದ್ರಶೇಖರಯ್ಯ ಪಂಚಾಯಿತಿ ಸೇರಿಸಿದ, ನನ್ನನ್ನು ಕೇಳದೆ! ಎಲ್ಲರನ್ನೂ ಬಿಸಿಲಿಗೆ ಕೂರಿಸಿ, ಅಯ್ನೋರು ಒಳಗೆ ಬರಲಿ ಎನ್ನುವವರು ಕೈ ಎತ್ತಿ ಎಂದ. ಎಂಟು ಕೈ ಎದ್ದವು. ನಾಲ್ಕು ಜನ ಎತ್ತಲಿಲ್ಲ. ಅವರಲ್ಲೊಬ್ಬಳು ಮಾರಮ್ಮ, "ನಂಗೆ ಬದುಕ್ಬೇಕು ಕಣವ್ವ, ನಾಚ್ಕೆ ಇಲ್ದೆ ಏಳ್ತೀನಿ. ಗಂಗವ್ವ ನರಳಿದ್ದು ಕೇಳಿವ್ನಿ" ಎಂದು ಅತ್ತಳು. ಚಂದ್ರಶೇಖರಯ್ಯ ನನ್ನ ಮುಂದೆ ಬಂದು, "ಎಂಟಕ್ಕೆ ನಾಕು. ದೂರದ ಗುಡಿಸ್ಲಾಗೆ ಅವರಿಬ್ರೇ ಕುಂತ್ಕಳ್ಳಿ, ನಾವ್ಯಾರೂ ಅತ್ರ ಓಗಾಕಿಲ್ಲ. ಸಾಯೋ ಪ್ರಾಣ ನಮ್ದು ಕಣಮ್ಮ, ಒಂದ್ ಮಾತು ನಮ್ಮುನ್ನೂ ಕೇಳ್ಬೇಕಲ್ವಾ?" ಎಂದ. ಅನ್ನ ಹಾಕುವವರು ಪಂಚಾಕ್ಷರಯ್ಯನವರು, ಕಾಯುವವಳು ನಾನು, ಕೈ ಎತ್ತಿ ಇಳಿಸುವುದಕ್ಕೆ ಇದೇನು ಮುನಿಸಿಪಾಲಿಟಿಯಾ ಎಂದೆ. ಈ ಮಾತು ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ. ಅವನು ತಲೆತಗ್ಗಿಸಿಕೊಂಡು ಹೋದ.

ಆಮೇಲೆ ನಿನ್ನ ಗಂಡ ಗೌರೀಶಂಕರ ಬಂದ. ನೀನೇ ಅಳುತ್ತ ಅಟ್ಟಿದೆಯಂತೆ. "ಅತ್ತೆ, ಇವರೇನು ಕೈದಿಗಳಾ? ಕೈದೀನಾದ್ರೂ ಕೊನೇ ಆಸೆ ಏನು ಅಂತ ಕೇಳ್ತಾರೆ" ಎಂದ. "ಕೈದಿಗಳು ಪಕ್ಕದೋರಿಗೆ ಪ್ಲೇಗು ಅಂಟಿಸಲ್ಲಪ್ಪ" ಎಂದೆ. "ಹಂಗಾದ್ರೆ ಅಜ್ಜೀನ ನನ್ ಜೊತೆ ಕಳ್ಸಿ, ನಮ್ಮನೆ ಹಿತ್ತಲಲ್ಲಿ ಬೇರೆ ಗುಡಿಸ್ಲು ಹಾಕಿಸ್ತೀನಿ" ಎಂದ. "ಎಂಟು ತಿಂಗಳ ಬಸುರಿ ಇರೋ ಮನೆಗಾ? ನಿಮ್ಮ ಕೂಸಿಗೆ ಏನಾದ್ರೂ ಆದ್ರೆ ಅಜ್ಜಿ ಲಿಂಗ ತಂದುಕೊಡುತ್ತಾ?" ಎಂದೆ. ಆಗ ನಿನ್ನ ಅಜ್ಜಿ ಗುಡಿಸಲ ಬಾಗಿಲಿನಿಂದ, "ಸಂಕ್ರಪ್ಪ, ನೀನಾದ್ರೂ ಡಾಕ್ಟ್ರನ್ನ ಕೇಳು ಮಗಾ" ಎಂದಳು. ಅವಳ ದನಿ ಅಷ್ಟು ಸಣ್ಣಗಾಗಿತ್ತು.

ನಿನಗೆ ಒಂದು ಮಾತು ಹೇಳುತ್ತೇನೆ. ಇದುವರೆಗೂ ಹೇಳಿರಲಿಲ್ಲ. ಇನ್‌ಫ್ಲುಯೆಂಜಾ ಜ್ವರದ ವರ್ಷ ನೀನು ನಾಲ್ಕು ತಿಂಗಳ ಕೂಸು. ಚನ್ನರಾಯಪಟ್ಟಣದಿಂದ ನನ್ನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ನಮ್ಮವ್ವನಿಗೆ ಜ್ವರ ಏರಿದೆ, ರೇವಾ ರೇವಾ ಎನ್ನುತ್ತಾಳೆ, ಒಂದು ಸಲ ಮುಖ ತೋರಿಸಿ ಬರಲಿ ಎಂದು ಕೇಳಿದ. ನಿನ್ನ ಅಜ್ಜಿ ಜಗುಲಿಯ ಮೇಲೆ ನಿಂತು, "ಎದೆಆಲು ಕುಡಿಯೋ ಕೂಸದೆ. ಜ್ವರದ ಮನೆಗೆ ನಮ್ಮನೆ ಎಣ್ಣು ಬರಾಕಿಲ್ಲ" ಎಂದಳು. ಎತ್ತುಗಳಿಗೆ ನೀರು ಕುಡಿಸಿ, ಅಣ್ಣನಿಗೆ ಊಟ ಹಾಕಿ, ಗಾಡಿಯನ್ನು ಹಾಗೇ ತಿರುಗಿಸಿ ಕಳಿಸಿದಳು. ನಾನು ಒಳಗೆ ನಿನ್ನನ್ನು ಎದೆಗೆ ಹಾಕಿಕೊಂಡು ಕೂತು ಗಾಡಿ ಹೋಗುವ ಸದ್ದು ಕೇಳಿದೆ. ಮೂರನೆಯ ದಿನ ಅವ್ವ ಹೋದಳು. ಆ ಮನೆಯಲ್ಲಿ ಆಮೇಲೆ ಇನ್ನೂ ಇಬ್ಬರು ಹೋದರು. ನಾನು ಹೋಗಿದ್ದರೆ ನೀನು ಉಳಿಯುತ್ತಿರಲಿಲ್ಲ. ನಿನ್ನ ಅಜ್ಜಿಯ ಮಾತು ಸರಿಯಾಗಿಯೇ ಇತ್ತು. ಇಪ್ಪತ್ತು ವರ್ಷದಿಂದ ನನಗೆ ನುಂಗಲಾಗದೇ ಇರುವುದು ಅದೇ.

ಇದನ್ನು ಓದಿ ನಾನು ಹಗೆ ತೀರಿಸಿಕೊಳ್ಳುತ್ತಿದ್ದೇನೆ ಎಂದು ತಿಳಿಯಬೇಡ. ಕಟ್ಟಳೆ ನಾನು ಮಾಡಿದ್ದಲ್ಲ. ಡಾಕ್ಟರು ಚೀಟಿ ಕಳಿಸಿದರೆ ಆ ಗಳಿಗೆಯೇ ಬೀಗ ತೆಗೆಯುತ್ತೇನೆ. ಹೆಚ್ಚು ಅಳಬೇಡ, ಎಡಮಗ್ಗುಲಿಗೆ ಮಲಗು, ಬಿಸಿನೀರು ಕುಡಿ.

ರೇವಮ್ಮ

ಹೊಳೆನರಸೀಪುರ
14 ಡಿಸೆಂಬರ್ 1938, ಬುಧವಾರ

ಚಿರಂಜೀವಿ ಸೌಭಾಗ್ಯವತಿ ಶಾಂತಕುಮಾರಿಗೆ,

ಅಜ್ಜಿ ಲಿಂಗೈಕ್ಯಳಾದದ್ದನ್ನು ಒಂದು ಕಾರ್ಡಿನಲ್ಲಿ ಎರಡು ಸಾಲು ಬರೆದು ಸುಮ್ಮನಾದೆ. ಹತ್ತು ದಿನವಾದರೂ ವಿವರ ಬರೆಯಲಿಲ್ಲ. ನಿನ್ನಿಂದಲೂ ಕಾಗದ ಬರಲಿಲ್ಲ. ನೀನು ಬೈದು ಬರೆದಿದ್ದರೆ ಉತ್ತರ ಬರೆಯುವುದು ಸುಲಭವಾಗುತ್ತಿತ್ತು. ಈಗ ನಾನಾಗಿಯೇ ಹೇಳಬೇಕಾಗಿದೆ.

ಶುಕ್ರವಾರದ ಹೊತ್ತಿಗೆ ಅವಳ ತುಟಿ ಒಡೆದು ರಕ್ತ ಕಟ್ಟಿತ್ತು. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಮುಖ ತಿರುಗಿಸಿದಳು. ಬಲವಂತವಾಗಿ ಬಾಯಿಗೆ ನೀರು ಬಿಡೋಣವೆಂದು ಮಾರಮ್ಮನನ್ನು ಕಾಲು ಹಿಡಿದುಕೊಳ್ಳಲು ಕರೆದೆ. ಅವಳು ಬರಲಿಲ್ಲ. ನಾನೊಬ್ಬಳೇ ದವಡೆ ಅದುಮಿ ಎರಡು ಚಮಚ ಬಿಟ್ಟೆ. ಎಲ್ಲವನ್ನೂ ನನ್ನ ಸೆರಗಿಗೇ ಉಗಿದಳು. ಅಷ್ಟು ಶಕ್ತಿ ಎಲ್ಲಿಂದ ಬಂತೋ ಕಾಣೆ. ಅಯ್ನೋರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಡಿಕೆಯ ಹತ್ತಿರ ಬಂದು "ಏನಮ್ಮ, ಅಪ್ಪಣೆ ಬಂತಾ?" ಎಂದು ಕೇಳುವರು. ಇಲ್ಲವೆಂದರೆ ಮರಳಿ ಮರದ ಕೆಳಗೆ ಹೋಗಿ ಕೂರುವರು. ಚಂದ್ರಶೇಖರಯ್ಯ ಈಚೆ ಬೀಗದ ಎದುರಿಗೇ ಕಂಬಳಿ ಹಾಸಿಕೊಂಡು ಕೂತುಬಿಟ್ಟ. ತಡಿಕೆಯನ್ನು ಒಂದು ಸಲ ಒದ್ದಿದ್ದರೆ ಬೀಳುತ್ತಿತ್ತು. ಅನ್ನದ ಋಣ ನೋಡು, ಕೂತನೇ ಹೊರತು ಒದೆಯಲಿಲ್ಲ.

ಭಾನುವಾರ ಬಿಸಿಲು ಗುಡಿಸಲ ಬಾಗಿಲಿಗೆ ಬರುವ ಹೊತ್ತಿಗೆ ಅವಳ ಉಸಿರು ನಿಂತಿತು. ಜ್ವರ ಇರಲಿಲ್ಲ, ಗೆಡ್ಡೆ ಇರಲಿಲ್ಲ. ನಾನು ಹೋಗಿ ಬೀಗ ತೆಗೆದೆ. ಅಯ್ನೋರು ಒಳಗೆ ಬಂದು, ನಾಲ್ಕೈದು ದಿನದಿಂದ ಜೋಳಿಗೆಯಲ್ಲಿ ಇಟ್ಟುಕೊಂಡು ಕಾದಿದ್ದ ಲಿಂಗವನ್ನು ತೆಗೆದು ಅವಳ ಎಡಗೈಯಲ್ಲಿಟ್ಟರು. ಬೆರಳು ಆಗಲೇ ಸೆಟೆದು ಅಂಗೈ ಮುಚ್ಚಲಿಲ್ಲ. ಎರಡು ಸಲ ಜಾರಿ ಬಿತ್ತು. ಕೊನೆಗೆ ಶಿವದಾರದಿಂದ ಬೆರಳುಗಳನ್ನು ಬಿಗಿದು ಕಟ್ಟಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಗಂಗಾಂಬಿಕೆಯ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದೆವು.

ನಿನ್ನ ಗಂಡ ಹಾಸನದಲ್ಲಿ ಡಾಕ್ಟರ ಬಾಗಿಲು ಕಾದು, ಅರ್ಜಿ ಕೊಟ್ಟು ಬಂದದ್ದು ಫಲಿಸಲಿಲ್ಲ ಎಂದು ಅವನು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಮಾಡುವುದನ್ನು ಮಾಡಿದ. ಅಷ್ಟರಲ್ಲಿ ಆಗಿಹೋಯಿತು ಎಂದು ಸಮಾಧಾನ ಹೇಳು.

ಹೋದ ವಾರ ಹತ್ತು ದಿನದ ಗಡುವೂ ಮುಗಿಯಿತು. ಇನ್ನೊಬ್ಬರಿಗೆ ಜ್ವರ ಬರಲಿಲ್ಲ. ಹದಿನಾಲ್ಕು ಜನದಲ್ಲಿ ಒಂದೇ ಪ್ಲೇಗಿನ ಸಾವು, ಈ ಸೀಮೆಯ ಯಾವ ಗುಡಿಸಲಲ್ಲೂ ಇಷ್ಟು ಅಚ್ಚುಕಟ್ಟು ಕಂಡಿಲ್ಲ ಎಂದು ಪಂಚಾಕ್ಷರಯ್ಯನವರು ಎಲ್ಲರ ಎದುರಿಗೆ ನನಗೆ ಶಾಲು ಹೊದಿಸಿದರು. ಆಶ್ರಯದವರನ್ನು ಚಪ್ಪಾಳೆ ತಟ್ಟಿ ಎಂದರು. ಹನ್ನೆರಡು ಜನರೂ ತಟ್ಟಿದರು. ಯಾರೂ ನನ್ನ ಮುಖ ನೋಡಲಿಲ್ಲ. ಬಡಿಸಿದ್ದನ್ನು ತಿನ್ನುತ್ತಾರೆ, ಏಳೆಂದರೆ ಏಳುತ್ತಾರೆ, ಮಲಗೆಂದರೆ ಮಲಗುತ್ತಾರೆ. ಆರು ವರ್ಷದಲ್ಲಿ ಇಷ್ಟು ವಿಧೇಯರಾಗಿ ಇದ್ದದ್ದೇ ಇಲ್ಲ. ಸಂಜೆ ಚಂದ್ರಶೇಖರಯ್ಯ ಮಾತ್ರ ಹತ್ತಿರ ಬಂದು, "ನಿಮ್ಮಿಂದ ಬದುಕಿದೀವಿ ಕಣಮ್ಮ. ಇನ್ಮೇಕೆ ಉಣ್ಣಾಕೂ, ಉಚ್ಚೆ ಉಯ್ಯಾಕೂ ನಿಮ್ ಅಪ್ಪಣೆ ಕೇಳ್ತೀವಿ, ಏಳ್ಬುಡಿ" ಎಂದ. ಬೈಗುಳವೋ ಬೇಡಿಕೆಯೋ ತಿಳಿಯಲಿಲ್ಲ.

ಇನ್ನು ಎರಡು ವಾರದಲ್ಲಿ ನಿನ್ನ ದಿನ ತುಂಬುತ್ತದೆ. ನಾನು ಬರಬೇಕೋ ಬೇಡವೋ ನೀನು ಹೇಳಬೇಕು. ಸುಖಪ್ರಸವವಾಗಲಿ. ಹೆಣ್ಣಾದರೆ ಅಜ್ಜಿಯ ಹೆಸರಿಡು. ಗಂಡ ಹೆಂಡತಿ ನೂರು ಕಾಲ ಚೆನ್ನಾಗಿ ಬಾಳಿ.

ನಿನ್ನ ಹೆತ್ತವಳು,
ರೇವಮ್ಮ

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಗೌರೀಶಂಕರನಿಗೆ ಇವತ್ತಲ್ಲ ನಾಳೆ ಡಾಕ್ಟರ ಬಾಯಿಂದಲೇ ತಿಳಿಯುತ್ತದೆ, ನೀನು ನನ್ನಿಂದ ಕೇಳು. ಅವನ ಅರ್ಜಿ ಫಲಿಸಿತ್ತು. ಅಯ್ನೋರು ಒಳಗೆ ಹೋಗಿ ಒಂದು ಗಂಟೆ ಇರಬಹುದು ಎಂದು ಡಾಕ್ಟರು ರುಜು ಹಾಕಿದ ಅಪ್ಪಣೆ ಶುಕ್ರವಾರ ಬೆಳಿಗ್ಗೆ ಹಾಲಿನ ಜೊತೆಗೇ ಬಂತು. ಓದಿ, ಮಡಿಸಿ, ಕುಪ್ಪಸದೊಳಗೆ ಸೇರಿಸಿಕೊಂಡೆ. ಅಯ್ನೋರು ಕೇಳಿದಾಗಲೆಲ್ಲ ಅದು ಅಲ್ಲೇ ಇತ್ತು. ನಿನ್ನ ಅಜ್ಜಿ ಡಾಕ್ಟರನ್ನು ಕೇಳಿಸಿದಳು, ನಿನ್ನ ಗಂಡನನ್ನು ಕೇಳಿದಳು, ಕೆಂಪಣ್ಣನನ್ನು ಕೂಡ ಕೇಳಿದಳು. ಬೀಗದ ಕೈ ಇದ್ದದ್ದು ನನ್ನ ಹತ್ತಿರ, ನನ್ನೊಬ್ಬಳನ್ನು ಮಾತ್ರ ಕೇಳಲಿಲ್ಲ. ಒಂದು ಸಲ ಕೇಳಲಿ, ಕೇಳಿದ ಗಳಿಗೆಯೇ ತೆಗೆಯುತ್ತೇನೆ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಕೇಳಿದಳು. ಮಲಗಿದ್ದಲ್ಲಿಂದಲೇ ಎರಡು ಕೈಯೆತ್ತಿ ನನಗೆ ಮುಗಿದು, "ಬಾಗ್ಲು ತಗಿಯವ್ವ, ನಿನ್ ಕಾಲಿಗೆ ಬೀಳ್ತೀನಿ" ಎಂದಳು. ನಾನು, "ಇನ್ನೂ ಅಪ್ಪಣೆ ಬಂದಿಲ್ಲ, ಅತ್ತೆ" ಎಂದೆ.